ಸ್ಪ್ರೇ ಕೋಟಿಂಗ್ ಬೆಂಡ್ ಟೆಸ್ಟಲ್ಲಿ ಯೀಲ್ಡ್ ಪಾಯಿಂಟ್ (ಪರ್ಮನೆಂಟಾಗಿ ಬಾಗೋಕೆ ಶುರುವಾಗೋ ಹಂತ) ಎಲ್ಲಿ ಹಿಡಿಯೋದು?

ಪ್ರಶ್ನೆ:
ಆರ್ಕ್ ಸ್ಪ್ರೇ (ಕರೆಂಟ್ ಆರ್ಕಲ್ಲಿ ತಂತಿ ಕರಗಿಸಿ ಊದೋದು) ಮಾಡಿದ ಸ್ಟೇನ್‌ಲೆಸ್ ಸ್ಟೀಲ್ ಕೋಟಿಂಗು, ಸುಮಾರು 1 ಮಿ.ಮೀ. ದಪ್ಪ. ವೈರ್‌ಕಟ್‌ನಲ್ಲಿ ಬೇಸ್ ಮೆಟಲ್‌ನಿಂದ ಬಿಡಿಸ್ಕೊಂಡು ಫೋರ್ ಪಾಯಿಂಟ್ ಬೆಂಡಿಂಗ್ (ಎರಡು ರೋಲರ್ ಮೇಲಿಟ್ಟು ಮೇಲಿಂದ ಇನ್ನೆರಡು ರೋಲರಲ್ಲಿ ಒತ್ತೋದು) ಮಾಡ್ತಿದೀನಿ. ಸ್ಟ್ರೆಸ್ (ಒತ್ತಡ), ಸ್ಟ್ರೈನ್ (ಎಷ್ಟು ಹಿಗ್ಗಿತು ಅನ್ನೋ ಪ್ರಮಾಣ) ಗ್ರಾಫಲ್ಲಿ ನೇರ ಗೆರೆ ಅನ್ನೋದೇ ಇಲ್ಲ, ಶುರುವಿಂದಾನೇ ಬಾಗ್ಕೊಂಡು ಹೋಗುತ್ತೆ. 0.2% ಆಫ್‌ಸೆಟ್ (ಶುರುವಿನ ಸ್ಲೋಪಲ್ಲೇ 0.2% ಸ್ಟ್ರೈನಿಂದ ಗೆರೆ ಎಳೆದು, ಗ್ರಾಫ್ ಅದನ್ನ ಮುಟ್ಟೋ ಜಾಗಾನ ಯೀಲ್ಡ್ ಅನ್ನೋದು) ಹಾಕೋಣ ಅಂದ್ರೆ ಸ್ಲೋಪ್ ಎಲ್ಲಿಂದ ತಗೊಳ್ಳೋದು? ಎರಡು ಪೀಸಂತೂ ಆ ಗೆರೆ ಮುಟ್ಟೋ ಮುಂಚೇನೇ ಪಟ್ ಅಂತ ಮುರಿದ್ವು.

ಉತ್ತರ 1:
ಮಷೀನ್ ತಪ್ಪಲ್ಲ ಬಿಡಿ, ಇಂಥ ಕೋಟಿಂಗ್ ಗುಣಾನೇ ಅದು. ಕರಗಿದ ಹನಿ ಬಿದ್ದು ಚಪ್ಪಟೆಯಾಗಿ ಒಂದರ ಮೇಲೊಂದು ಕೂತಿರುತ್ತೆ, ಮಧ್ಯೆ ಆಕ್ಸೈಡ್ ಪೊರೆ, ತೂತು, ಸಣ್ಣ ಬಿರುಕು. ಎಳೆತ ಬಿದ್ದ ತಕ್ಷಣ ಬಿರುಕು ಬಾಯ್ಬಿಡುತ್ತೆ, ಪದರ ಜಾರುತ್ತೆ, ಲೋಹ ಇನ್ನೂ ಯೀಲ್ಡ್ ಆಗದೆ ಇದ್ರೂ ಗ್ರಾಫ್ ಬಾಗುತ್ತೆ. ಅದಕ್ಕೇ ಒಂದೇ ಸಲ ಮುರಿಯೋವರೆಗೂ ಹೋಗ್ಬೇಡಿ. ಸ್ವಲ್ಪ ಲೋಡ್ ಹಾಕಿ, ರೋಲರ್ ಬಿಡದ ಹಾಗೆ ಚೂರು ಉಳಿಸ್ಕೊಂಡು ವಾಪಸ್ ಇಳ್ಸಿ, ಎಷ್ಟು ಸ್ಟ್ರೈನ್ ಉಳೀತು ಬರ್ಕೊಳ್ಳಿ, ಆಮೇಲೆ ಇನ್ನೊಂಚೂರು ಜಾಸ್ತಿ. ಹತ್ತೋ ಗೆರೆ, ಇಳಿಯೋ ಗೆರೆ ಸೇರಿ ಲೂಪ್ ಬಂದು ಶುರುವಿನ ಜಾಗಕ್ಕೇ ಮುಚ್ಕೊಂಡ್ರೆ ಅದು ಬರೀ ಒಳಗಿನ ಉಜ್ಜಾಟ, ಪರ್ಮನೆಂಟ್ ಅಲ್ಲ. ಇಳಿಸೋವಾಗಿನ ಸ್ಲೋಪೂ ನೋಡ್ತಿರಿ: ಸೈಕಲ್ ಸೈಕಲ್‌ಗೂ ಕಮ್ಮಿಯಾಗ್ತಿದ್ರೆ ಬಿರುಕು ಬೆಳೀತಿದೆ, ಸ್ಲೋಪ್ ಹಾಗೇ ಇದ್ದು ಉಳಿದ ಸ್ಟ್ರೈನ್ ಮಾತ್ರ ಏರ್ತಿದ್ರೆ ಹೆಚ್ಚಾಗಿ ಪ್ಲಾಸ್ಟಿಕ್ಕೇ, ಅಂದ್ರೆ ಲೋಹಾನೇ ಪರ್ಮನೆಂಟಾಗಿ ಬಾಗಿರೋದು.

ಸ್ಟ್ರೈನ್ ಗೇಜ್ ಎರಡೂ ಮುಖಕ್ಕೆ ಅಂಟಿಸಿ, ಒತ್ತೋ ಕಡೆ ಬಿರುಕು ಮುಚ್ಕೊಳ್ಳೋದ್ರಿಂದ ಅಲ್ಲಿ ಗಟ್ಟಿ, ಎಳೆಯೋ ಕಡೆ ಮೆತ್ತಗೆ, ನ್ಯೂಟ್ರಲ್ ಆಕ್ಸಿಸ್ (ಹಿಗ್ಗದೆ ಕುಗ್ಗದೆ ಇರೋ ಗೆರೆ) ನಡುವಲ್ಲಿ ನಿಲ್ಲಲ್ಲ.

ಉತ್ತರ 2:
ಹಾರ್ಡ್‌ನೆಸ್ ತಗೊಂಡು ಮೂರರಿಂದ ಭಾಗಿಸಿ ಯೀಲ್ಡ್ ಅಂತ ಬರೆಯೋರಿದ್ದಾರೆ, ದಯವಿಟ್ಟು ಬೇಡ. ಆ ಲೆಕ್ಕ ತೂತಿಲ್ಲದ ಲೋಹಕ್ಕೆ, ಇಲ್ಲಿ ಇಂಡೆಂಟರ್ (ಒತ್ತೋ ಮೊನೆ) ಕೆಳಗೆ ತೂತುಗಳೇ ಕುಸಿದು ಮುಚ್ಕೊಳ್ತವೆ. ಹಾರ್ಡ್‌ನೆಸ್ 200 ಇದ್ರೆ 300 ಗ್ರಾಂ ಲೋಡಿಗೆ ವಿಕರ್ಸ್ (ವಜ್ರದ ಪಿರಮಿಡ್ ಮೊನೆ) ಗುರುತಿನ ಕರ್ಣ ಸುಮಾರು 53 ಮೈಕ್ರಾನ್, ಆಳ ಏಳೂವರೆ, ಅಂದ್ರೆ ಹಲವು ಪದರ ಒಟ್ಟಿಗೆ ಸಿಗುತ್ತೆ. ನ್ಯಾನೋ ಲೋಡಲ್ಲಿ ಒತ್ತಿದ್ರೆ ಒಂದೇ ಪದರದ ಕಥೆ, ನಂಬರ್ ಜಾಸ್ತಿ ಬರುತ್ತೆ. ಎರಡೂ ಸುಳ್ಳಲ್ಲ, ಬೇರೆ ಬೇರೆ ಪ್ರಶ್ನೆಗೆ ಉತ್ತರ ಅಷ್ಟೇ.

ಅಂದಹಾಗೆ ಬಿಡಿಸಿದ ಪಟ್ಟಿ ಬಿಲ್ಲಿನ ಥರ ಬಾಗಿತ್ತಾ?

ಪ್ರಶ್ನೆ ಕೇಳಿದವರು:
ಹೌದು ಬಾಗಿತ್ತು! ಕೈಯಲ್ಲೇ ಒತ್ತಿ ನೇರ ಮಾಡಿ ಮಷೀನಿಗೆ ಹಾಕಿದ್ದೆ 😬

ಉತ್ತರ 2:
ಮುರಿದ ಎರಡು ಪೀಸು ಹಂಗೇ ಹೋಗಿರ್ಬೇಕು, ಟೆಸ್ಟಿಗೆ ಮುಂಚೇನೇ ನೀವು ಒಂದು ಟೆಸ್ಟ್ ಮಾಡ್ಬಿಟ್ರಿ. ಮುಂದಿನ ಪಟ್ಟಿನ ಬಾಗಿದ ಹಾಗೇ ಬಿಟ್ಟು ಮೊದಲು ಬಾಗು ಅಳೀರಿ, ಒಳಗಿನ ಒತ್ತಡ ಎಷ್ಟು ಏರುಪೇರಾಗಿತ್ತು ಅನ್ನೋದು ಅದರಲ್ಲೇ ಗೊತ್ತಾಗುತ್ತೆ.