ಬ್ರಹ್ಮಗಿರಿಯಿಂದ ದೀಪಸ್ತಂಭದ ಬೆಳಕು ಕಾಣುತ್ತದೆಯೇ? ಅತ್ತೆಯೊಡನೆ ಪಂದ್ಯ ಕಟ್ಟಿದ್ದೇನೆ

ಚೇರಂಬಾಣೆಯ ಸೊಸೆ:

ನಮ್ಮ ಅತ್ತೆಗೆ ಈಗ ಎಪ್ಪತ್ತನಾಲ್ಕು. ಅವರ ಅಪ್ಪ ಒಂದು ತುಲಾ ಸಂಕ್ರಮಣದ ರಾತ್ರಿ ತಲಕಾವೇರಿಯಲ್ಲಿ ತೀರ್ಥೋದ್ಭವಕ್ಕೆ ಕಾಯುತ್ತಾ, ಕುಳಿತಲ್ಲಿ ಚಳಿ ತಡೆಯಲಾರದೆ ಬ್ರಹ್ಮಗಿರಿ ಹತ್ತಿದ್ದರಂತೆ. ಪಡುವಣ ದಿಕ್ಕಿನಲ್ಲಿ, ಕತ್ತಲೆಯ ತುದಿಗೆ, ಒಂದು ಬೆಳಕು ಹೊತ್ತಿ ಆರುತ್ತಿತ್ತಂತೆ. ಅದು ಕಡಲಿನ ದೀಪವೆಂದು ಅವರು ಸಾಯುವವರೆಗೂ ಹೇಳುತ್ತಿದ್ದರು. ಈಗ ಪ್ರತಿ ಅಕ್ಟೋಬರಿನಲ್ಲಿ ಅತ್ತೆ ಹೇಳುತ್ತಾರೆ. ಕಳೆದ ವಾರ ನಾನು ಬಾಯಿ ತಪ್ಪಿ, “ಯಾರದೋ ಬೀಡಿಯ ಬೆಂಕಿ ಇರಬೇಕು ಅತ್ತೆ” ಎಂದುಬಿಟ್ಟೆ. ಎರಡು ದಿನ ಮಾತಿಲ್ಲ. ಮೂರನೆಯ ದಿನ ಅವರೇ ಪಂದ್ಯ ಕಟ್ಟಿದರು: ಕಾಣುವುದು ನಿಜವಾದರೆ ನಾನು ಅವರಿಗೆ ಒಂದು ದೀಪಸ್ತಂಭವನ್ನು ಹತ್ತಿರದಿಂದ ತೋರಿಸಬೇಕು. ಸುಳ್ಳಾದರೆ ಮುಂದೆ ಅವರು ಈ ಕಥೆ ಎತ್ತುವುದಿಲ್ಲ.

ಸೋತರೂ ಗೆದ್ದರೂ ಕರೆದುಕೊಂಡು ಹೋಗುವ ಮನಸ್ಸಿದೆ. ಅದನ್ನು ಅವರಿಗೆ ಹೇಳಿಲ್ಲ. ಹೋಗುವುದಾದರೆ ಬರೀ ಮರಳಿನ ಬೀಚ್ ಬೇಡ. ಬಂಡೆ ಇರಬೇಕು, ಅಲೆ ಬಡಿಯಬೇಕು. ಒಂಬತ್ತು ವರ್ಷದ ಮಗನಿಗೆ ಡಾಲ್ಫಿನ್ ಬೇಕಂತೆ. ಅತ್ತೆಗೆ ಮೊಣಕಾಲು ನೋವು. ಕಾಫಿ ಕೊಯ್ಲು ಹಿಡಿದರೆ ಫೆಬ್ರವರಿ ಮುಗಿಯುವವರೆಗೆ ಮನೆಯಿಂದ ಕದಲಲು ಆಗುವುದಿಲ್ಲ, ಆದ್ದರಿಂದ ನವೆಂಬರ್ ಒಂದೇ ದಾರಿ. ತಿಳಿದವರು ಹೇಳಿ.

ನಿವೃತ್ತ ನಾವಿಕ, ವಿರಾಜಪೇಟೆ:

ತಂಗಿ, ನೀವು ಸೋಲುವ ಕಡೆ ನಿಂತಿದ್ದೀರಿ.

ಹಡಗಿನಲ್ಲಿ ನಾವು ಮಾಡುತ್ತಿದ್ದ ಲೆಕ್ಕ ಇದು. ನಿಂತ ಜಾಗದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 2.08ರಿಂದ ಗುಣಿಸಿದರೆ ದಿಗಂತ ಎಷ್ಟು ನಾಟಿಕಲ್ ಮೈಲಿ ದೂರ ಎಂದು ಸಿಗುತ್ತದೆ. ತಲಕಾವೇರಿ 1,276 ಮೀಟರ್. ವರ್ಗಮೂಲ 36ಕ್ಕೆ ತುಸು ಕಡಿಮೆ, ಗುಣಿಸಿದರೆ 74. ನಾಟಿಕಲ್ ಮೈಲಿಗೆ 1.852 ಕಿಲೋಮೀಟರ್, ಅಂದರೆ ಸುಮಾರು 137 ಕಿ.ಮೀ. ಕಾಞಂಗಾಡಿನ ಕಡಲು ಅಲ್ಲಿಂದ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 45 ಕಿ.ಮೀ. ಭೂಮಿಯ ಬಾಗು ಅಡ್ಡ ಬರುವ ಮಾತೇ ಇಲ್ಲ.

ಅಡ್ಡ ಬರುವುದು ಬೆಳಕಿನ ಶಕ್ತಿ. ದೊಡ್ಡ ದೀಪಸ್ತಂಭಗಳಿಗೆ ಸಾಮಾನ್ಯವಾಗಿ 20ರಿಂದ 25 ನಾಟಿಕಲ್ ಮೈಲಿ ವ್ಯಾಪ್ತಿ ಎಂದು ಬರೆದಿರುತ್ತಾರೆ. ಕಣ್ಣೂರು ಜಿಲ್ಲೆಯ ಏಳಿಮಲೆ 286 ಮೀಟರ್ ಎತ್ತರದ ಗುಡ್ಡ, ಕಡಲಿಗೆ ನೇರ ಚಾಚಿಕೊಂಡಿದೆ. ಅಲ್ಲಿನ ದೀಪ ತಲಕಾವೇರಿಯಿಂದ 50 ಕಿ.ಮೀ. ಆಸುಪಾಸು, ಅಂದರೆ 27 ನಾಟಿಕಲ್ ಮೈಲಿ. ಅಂಚಿನಲ್ಲಿದೆ. ಆದರೆ ಬರೆದಿಟ್ಟ ವ್ಯಾಪ್ತಿ ಸಾಧಾರಣ ಗಾಳಿಗೆ ಹಾಕಿದ ಲೆಕ್ಕ. ಮಳೆ ತೊಳೆದು ಬಿಟ್ಟ ಅಕ್ಟೋಬರ್ ರಾತ್ರಿಯಲ್ಲಿ ಬೆಳಕು ಅದನ್ನು ಮೀರಿಯೂ ಹೋಗುತ್ತದೆ. ಮಂಜು ಇದ್ದರೆ ಪಕ್ಕದವನ ಮುಖವೂ ಕಾಣದು, ಅದು ನಿಮಗೇ ಗೊತ್ತು.

ಒಂದು ವಿಷಯ ಅತ್ತೆಯನ್ನು ಕೇಳಿ: ಅವರ ಅಪ್ಪ ಎಣಿಸಿದ್ದರೇ? ಪ್ರತಿ ದೀಪಸ್ತಂಭಕ್ಕೂ ತನ್ನದೇ ತಾಳ ಇರುತ್ತದೆ. ಇಷ್ಟು ಸಲ ಮಿನುಗು, ಇಷ್ಟು ಸೆಕೆಂಡು ಕತ್ತಲು. ನಾವಿಕನು ಗುರುತು ಹಿಡಿಯುವುದೇ ಅದರಿಂದ. ಬೀಡಿಗೆ ತಾಳ ಇಲ್ಲ.

ಏಳಿಮಲೆಗೆ ಮಾತ್ರ ಹೊರಡಬೇಡಿ. ಅಲ್ಲಿ ನೌಕಾ ಅಕಾಡೆಮಿ ಇದೆ, ದೀಪದ ಬಳಿಗೆ ಬಿಡುವುದಿಲ್ಲ. ಬಂಡೆಯೇ ಬೇಕಾದರೆ ಮಾಕುಟ್ಟ, ಇರಿಟ್ಟಿ ದಾರಿಯಾಗಿ ಕಣ್ಣೂರಿನ ಸೇಂಟ್ ಏಂಜೆಲೋ ಕೋಟೆಗೆ ಬನ್ನಿ. 1505ರಲ್ಲಿ ಪೋರ್ಚುಗೀಸರು ಕಡಲಿಗೆ ಚಾಚಿದ ಜಂಬಿಟ್ಟಿಗೆ ನೆಲದ ಮೇಲೆ ಕಟ್ಟಿದ್ದು.

ಕರಿಕೆ ಕಡೆಯವನು:

ಭಾಗಮಂಡಲದಿಂದ ಕರಿಕೆ, ಪಾಣತ್ತೂರು ಹಿಡಿದರೆ ಕಡಲು ಹತ್ತಿರ. ನಮ್ಮ ಬೆಟ್ಟದ ಪಡುಬದಿಯ ನೀರು ಹೇಗೂ ಚಂದ್ರಗಿರಿ ಹೊಳೆಯಾಗಿ ಕಾಸರಗೋಡಿನಲ್ಲಿ ಕಡಲು ಸೇರುತ್ತದೆ. ಅದರ ಹಿಂದೆಯೇ ಹೋಗಿ! ರಸ್ತೆಯ ತಿರುವು ಲೆಕ್ಕ ಹಾಕಬೇಡಿ, ವಾಂತಿಗೆ ನಿಂಬೆಹಣ್ಣು ಇಟ್ಟುಕೊಳ್ಳಿ.

ಮಡಿಕೇರಿ ಮಗಳು, ಕಾಪು ಸೊಸೆ:

ಅಕ್ಕ, ನೀವು ಹೇಳಿದ್ದನ್ನೆಲ್ಲ ಕೂಡಿಸಿದರೆ ಅದು ಕಾಪು. ಸಂಪಾಜೆ ಇಳಿದು ಮಂಗಳೂರು ಮುಟ್ಟಿದ ಮೇಲೆ ಉಡುಪಿ ಕಡೆಗೆ ಸುಮಾರು 40 ಕಿ.ಮೀ. 1901ರಲ್ಲಿ ಬಂಡೆಯ ತಲೆಯ ಮೇಲೆಯೇ ಕಟ್ಟಿದ ದೀಪಸ್ತಂಭ, ಎತ್ತರ ಸುಮಾರು 27 ಮೀಟರ್. ಬಂಡೆಯವರೆಗೆ ಮೆಟ್ಟಿಲಿದೆ, ಅತ್ತೆಯವರು ನಿಧಾನವಾಗಿ ಬರಬಹುದು. ಒಳಗಿನ ಸುರುಳಿ ಮೆಟ್ಟಿಲು ಮಾತ್ರ ಅವರ ಮೊಣಕಾಲಿಗೆ ಬೇಡ. ಸಂಜೆ ಹೊತ್ತು ಜನರನ್ನು ಮೇಲೆ ಬಿಡುತ್ತಾರೆ. ಮಗ ಹತ್ತಲಿ, ನೀವಿಬ್ಬರೂ ಕೆಳಗೆ ಕುಳಿತು ದೀಪ ಹೊತ್ತುವುದನ್ನು ನೋಡಿ. ಚೆಂದವಿರುವುದು ಅದೇ. ಮದುವೆಯಾಗಿ ಬಂದ ಹೊಸದರಲ್ಲಿ ಊರಿನ ನೆನಪಾದಾಗಲೆಲ್ಲ ನಾನು ಅಲ್ಲಿ ಹೋಗಿ ಕೂರುತ್ತಿದ್ದೆ. ಬೆಟ್ಟ ಕಾಣದ ಊರಿನಲ್ಲಿ ಎತ್ತರವೆಂದು ನನಗೆ ಇದ್ದದ್ದು ಆ ಬಂಡೆ ಒಂದೇ.

ಡಾಲ್ಫಿನ್ ವಿಷಯದಲ್ಲಿ ಮಗನಿಗೆ ಮಾತು ಕೊಡಬೇಡಿ. ನಮ್ಮ ಕಡೆ ದಡದ ಹತ್ತಿರ ಬರುವುದು ಗೂನುಬೆನ್ನಿನ ಜಾತಿ. ಅದು ಆಳ ಕಡಿಮೆ ಇರುವ ನೀರಿನಲ್ಲಿ, ಅಳಿವೆಗಳ ಆಸುಪಾಸಿನಲ್ಲಿ ಮೀನು ಹುಡುಕುತ್ತದೆ. ಸಿನಿಮಾದಲ್ಲಿ ಹಾರುವಂತೆ ಹಾರುವುದಿಲ್ಲ. ಬೆನ್ನು ಒಮ್ಮೆ ಮೇಲೆ ಬಂದು, ಉಸಿರು ಬಿಟ್ಟು, ಮುಳುಗುತ್ತದೆ. ಎಂಟು ವರ್ಷದಲ್ಲಿ ನಾನು ಬಂಡೆಯ ಮೇಲಿಂದ ನೋಡಿದ್ದು ಮೂರು ಸಲ, ಮೂರೂ ಸಲ ಬೆಳಗ್ಗೆ, ಅಲೆ ಮಲಗಿದ್ದಾಗ. ಗರುಡ ಮಾತ್ರ ಖಂಡಿತ ಸಿಗುತ್ತದೆ. ಇಳಿತದ ಹೊತ್ತಿಗೆ ಬಂದರೆ ಬಂಡೆಯ ಗುಂಡಿಗಳಲ್ಲಿ ನಿಂತ ನೀರಿನಲ್ಲಿ ಏಡಿ, ಪುಟ್ಟ ಮೀನು ನೋಡುತ್ತಾ ಹುಡುಗ ಡಾಲ್ಫಿನ್ ಮರೆಯುತ್ತಾನೆ. ಹಸಿರು ಪಾಚಿ ಹಿಡಿದ ಕಲ್ಲಿನ ಮೇಲೆ ಕಾಲಿಡಲು ಬಿಡಬೇಡಿ. ಕಾಫಿ ತೋಟದ ಜಿಗಣೆಗೆ ಹೆದರದ ನನ್ನ ತಮ್ಮ ಅಲ್ಲಿಯೇ ಜಾರಿ ಮೊಣಕೈ ಮುರಿದುಕೊಂಡ.

ಕಡಲಾಮೆ ನೋಡಬೇಕೆಂದರೆ ನವೆಂಬರ್ ಬೇಗವಾಯಿತು. ಮೊಟ್ಟೆ ಇಡುವುದು ಹೆಚ್ಚಾಗಿ ಅದರ ನಂತರ. 2024ರ ಆರಂಭದಲ್ಲಿ ಮಂಗಳೂರಿನ ಬಳಿ ಸಸಿಹಿತ್ಲಿನಲ್ಲಿ ಆಲಿವ್ ರಿಡ್ಲಿ ಆಮೆಗಳ ಮೊಟ್ಟೆ ಸಿಕ್ಕಿ, ಅರಣ್ಯ ಇಲಾಖೆಯವರು ಕಾವಲು ಹಾಕಿದ್ದರು. ಮರಿಗಳು ಬೆಳಕು ಕಂಡ ಕಡೆಗೆ ಹರಿಯುತ್ತವೆ. ಆದ್ದರಿಂದ ರಾತ್ರಿ ದಡದಲ್ಲಿ ಟಾರ್ಚ್ ಬಿಡಬೇಡಿ ಎಂದು ಮಗನಿಗೆ ಈಗಲೇ ಹೇಳಿಡಿ.

ಚೇರಂಬಾಣೆಯ ಸೊಸೆ:

ಎಲ್ಲರಿಗೂ ಉಪಕಾರವಾಯಿತು. ನಾವಿಕ ಅಣ್ಣ ಹೇಳಿದಂತೆ ಅತ್ತೆಯನ್ನು ಕೇಳಿದೆ. ಲೆಕ್ಕ ಮರೆತಿದೆ ಎಂದರು. ಆದರೆ ಅಪ್ಪ ಕಥೆ ಹೇಳುವಾಗ ಮಂಚದ ಮೇಲೆ ಬೆರಳಿನಿಂದ ಬಡಿದು ತೋರಿಸುತ್ತಿದ್ದರಂತೆ. ಅತ್ತೆಯೂ ಬಡಿದು ತೋರಿಸಿದರು, ಆಮೇಲೆ ಕಣ್ಣು ಮುಚ್ಚಿ ಸುಮ್ಮನೆ ಕುಳಿತರು, ಮತ್ತೆ ಬಡಿದರು. ಮಗ ಗಡಿಯಾರ ಹಿಡಿದಿದ್ದ. ಮೊದಲ ಸಲ ಹದಿನಾಲ್ಕು ಸೆಕೆಂಡು, ಎರಡನೆಯ ಸಲ ಒಂಬತ್ತು. ಇದರಿಂದ ಏನೂ ಸಾಬೀತಾಗುವುದಿಲ್ಲ ಎಂದು ಗೊತ್ತು. ಆದರೂ ಬೀಡಿಯ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ.

ನವೆಂಬರ್ ಎರಡನೆಯ ವಾರ ಕಾಪುವಿಗೆ ಹೊರಡುತ್ತೇವೆ. ಕಾಪು ತಂಗಿ, ನಿಮ್ಮ ಉತ್ತರವನ್ನು ಗಟ್ಟಿಯಾಗಿ ಓದಿ ಹೇಳಿ ತಪ್ಪು ಮಾಡಿದೆ. ಮೊಣಕಾಲಿಗೆ ಬೇಡ ಎಂದು ಹೇಳಲು ಅವಳು ಯಾರು ಎಂದು ಅತ್ತೆ ಕೇಳುತ್ತಿದ್ದಾರೆ. ಒಳಗೆ ಒಟ್ಟು ಎಷ್ಟು ಮೆಟ್ಟಿಲು, ನಡುವೆ ಕುಳಿತುಕೊಳ್ಳಲು ಜಾಗ ಇದೆಯೇ?