ಅಪ್‌ಡೇಟ್: ಮರದ ಬ್ಯಾಟೋ, ಅಲ್ಯೂಮಿನಿಯಂ ಬ್ಯಾಟೋ?

ಬೇಸ್‌ಬಾಲ್ ಕಲಿಯುತ್ತಿರುವ ಮಗನಿಗೆ ಯಾವ ಬ್ಯಾಟ್ ಕೊಡಿಸಲಿ ಅಂತ ಹೋದ ವಾರ ಕೇಳಿದ್ದೆನಲ್ಲ, ಕೊನೆಗೆ ಅಲ್ಯೂಮಿನಿಯಂದೇ ತಂದೆವು. "ಎರಡನ್ನೂ ಬೀಸಿ ನೋಡಿ" ಅಂದವರಿಗೆ ಥ್ಯಾಂಕ್ಸ್. ತುಮಕೂರಿನ ಜೂನಿಯರ್ ಕಾಲೇಜು ಮೈದಾನದಲ್ಲಿ ದೊಡ್ಡ ಹುಡುಗರ ಬ್ಯಾಟ್ ಇಸ್ಕೊಂಡು ಆಡಿಸಿದೆ. ಮರದ್ದರಲ್ಲಿ ಚೆಂಡು ಹಿಡಿಯ ಹತ್ತಿರ ತಗುಲಿದ್ದೇ ತಡ, ಕೈ ಜುಮ್ಮೆಂದು ಬ್ಯಾಟನ್ನೇ ಕೆಳಗೆ ಬಿಟ್ಟ. ಲೋಹದ್ದು ಒಳಗೆ ಟೊಳ್ಳು. ಏಟು ಬಿದ್ದಾಗ ಚೂರು ಒಳಕ್ಕೆ ಬಾಗಿ ಚೆಂಡನ್ನು ವಾಪಸ್ ಚಿಮ್ಮಿಸುತ್ತದೆ. ಸದ್ದು ಮಾತ್ರ ಪಾತ್ರೆ ಅಂಗಡಿ!

ಕ್ರಿಕೆಟ್ ಬ್ಯಾಟಿಗೆ ಹಚ್ಚೋ ಹಾಗೆ ಮರದ್ದಕ್ಕೆ ಅಗಸೆ ಎಣ್ಣೆ ಹಚ್ಚಿ ಅನ್ನೋ ಸಲಹೆ ಫಲಿಸಲಿಲ್ಲ. ಹುಡುಗರನ್ನು ಒಪ್ಪಿಸಿ ಹಚ್ಚಿದರೆ, ವಾರ್ನಿಷ್ ಮೇಲೆ ಸುಮ್ನೆ ಜಾರಿತು. ನನಗೆ ಗೊತ್ತೇ ಇರದಿದ್ದದ್ದು: ಆಶ್ ಮರದ ಬ್ಯಾಟಾದರೆ ಲೇಬಲ್ (ಕಂಪನಿ ಹೆಸರಿನ ಗುರುತು) ಮೇಲಕ್ಕಿಟ್ಟು ಹೊಡೆಯಬೇಕು, ಇಲ್ಲದಿದ್ದರೆ ಬೇಗ ಸೀಳುತ್ತದೆ. ಅಮೆರಿಕದ ದೊಡ್ಡ ವೃತ್ತಿಪರ ಬೇಸ್‌ಬಾಲ್ ಪಂದ್ಯಾವಳಿ ಮೇಜರ್ ಲೀಗ್‌ನಲ್ಲಿ ಇವತ್ತಿಗೂ ಮರದ್ದೇ ಅಂತ ಗೊತ್ತಾದ ಮೇಲೆ ಮಗ ಮತ್ತೆ ರಾಗ ಎಳೀತಿದ್ದಾನೆ.