ಎಂಜಿನ್ ಕಾದ ಮೇಲೆ ನಿಂತುಹೋಗುವ 1988ರ ಪೋರ್ಷೆ 928 ಎಸ್4: ಎಲ್ಲಿಂದ ಹುಡುಕಬೇಕು?

ಪ್ರಶ್ನೆ

ನಾಲ್ಕು ತಿಂಗಳ ಹಿಂದೆ 1988ರ ಪೋರ್ಷೆ 928 ಎಸ್4 ಕಾರನ್ನು ಕೊಂಡಿದ್ದೇನೆ. ನಾಲ್ಕು ಗೇರುಗಳ ಆಟೋಮ್ಯಾಟಿಕ್. ತಣ್ಣಗಿರುವಾಗ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಹೆದ್ದಾರಿಯಲ್ಲಿ ಯಾವ ತಕರಾರೂ ಇಲ್ಲ. ಆದರೆ ಮುಕ್ಕಾಲು ಗಂಟೆ ಓಡಿಸಿ ಎಂಜಿನ್ ಚೆನ್ನಾಗಿ ಕಾದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ಐಡ್ಲಿಂಗ್ (ಕಾರು ನಿಂತಿರುವಾಗಿನ ಎಂಜಿನ್ ವೇಗ) ಕುಸಿದು ಎಂಜಿನ್ ಆಫ್ ಆಗುತ್ತದೆ. ಕೂಡಲೇ ಮತ್ತೆ ಸ್ಟಾರ್ಟ್ ಮಾಡಲು ಹೋದರೆ, ಸ್ಟಾರ್ಟರ್ ಭಾರವಾದದ್ದೇನನ್ನೋ ಎಳೆಯುತ್ತಿರುವಂತೆ ನಿಧಾನವಾಗಿ ತಿರುಗುತ್ತದೆ. ಬ್ಯಾಟರಿ ಹೊಸದು. ಗ್ಯಾರೇಜಿನಲ್ಲಿ ಇಂಧನ ಪಂಪಿನ ರಿಲೇ ಮತ್ತು ಸ್ಪಾರ್ಕ್ ಪ್ಲಗ್‌ಗಳನ್ನು ಬದಲಿಸಿದರೂ ವ್ಯತ್ಯಾಸ ಕಾಣಲಿಲ್ಲ. ಈಗ ಎಂಜಿನ್ನಿನೊಳಗೆ ಹೋಗುವ ಗಾಳಿಯನ್ನು ಅಳೆಯುವ ಏರ್ ಮಾಸ್ ಸೆನ್ಸರ್ ಬದಲಿಸಬೇಕೆನ್ನುತ್ತಿದ್ದಾರೆ. ಅದು ದುಬಾರಿಯಾದ್ದರಿಂದ ಈ ಕಾರನ್ನು ಬಲ್ಲವರ ಅಭಿಪ್ರಾಯ ಕೇಳಿಯೇ ಮುಂದುವರಿಯೋಣವೆಂದುಕೊಂಡಿದ್ದೇನೆ.

ಮೊದಲ ಉತ್ತರ

ಮೊದಲು ಅರ್ತಿಂಗ್, ಅಂದರೆ ವಿದ್ಯುತ್ ಬ್ಯಾಟರಿಗೆ ಮರಳುವ ಜೋಡಣೆಗಳನ್ನು ನೋಡಿ. ಈ ಕಾರಿನ ಬ್ಯಾಟರಿ ಹಿಂಭಾಗದಲ್ಲಿ, ಸ್ಪೇರ್ ಚಕ್ರದ ಬಳಿ ಇದೆ; ಅಲ್ಲಿಂದ ಕಾರಿನ ಮೈಗೆ ಹೋಗುವ ಅರ್ತ್ ಪಟ್ಟಿಯೂ, ಎಂಜಿನ್ನಿನಿಂದ ಕಾರಿನ ಮೈಗೆ ಹೋಗುವ ಪಟ್ಟಿಯೂ ಮೂವತ್ತು ವರ್ಷಗಳಲ್ಲಿ ಹಸಿರುಗಟ್ಟಿರುತ್ತವೆ. ಎರಡನ್ನೂ ಬಿಚ್ಚಿ, ಲೋಹ ಹೊಳೆಯುವಂತೆ ಉಜ್ಜಿ ಮತ್ತೆ ಬಿಗಿದರೆ ಖರ್ಚಿಲ್ಲದೆ ಒಂದು ಸಂಶಯ ಕಳೆಯುತ್ತದೆ.

ಎರಡನೆಯ ಉತ್ತರ

ಮೇಲಿನ ಸಲಹೆ ಸರಿಯೇ; ಆದರೆ ತಮ್ಮ ಕಾರು ಆಟೋಮ್ಯಾಟಿಕ್ ಆಗಿರುವುದರಿಂದ, ಅದಕ್ಕೂ ಮುನ್ನ ಇನ್ನೊಂದು ಪರೀಕ್ಷೆ ನಡೆಯಬೇಕು, ಅಲ್ಲಿಯವರೆಗೆ ದಯವಿಟ್ಟು ಎಂಜಿನ್ ಚಾಲೂ ಮಾಡಬೇಡಿ.

928ರಲ್ಲಿ ಎಂಜಿನ್ ಮುಂದಿದೆ, ಗೇರ್‌ಬಾಕ್ಸ್ ಹಿಂದಿದೆ. ಎರಡರ ನಡುವಿನ ಟಾರ್ಕ್ ಟ್ಯೂಬಿನೊಳಗೆ ಉದ್ದವಾದ ತೆಳು ಶಾಫ್ಟ್ ಹಾದುಹೋಗುತ್ತದೆ. ಆಟೋಮ್ಯಾಟಿಕ್ ಕಾರುಗಳಲ್ಲಿ ಶಾಫ್ಟಿನ ಮುಂದಿನ ತುದಿಯನ್ನು ಫ್ಲೆಕ್ಸ್ ಪ್ಲೇಟಿಗೆ (ಎಂಜಿನ್ನಿನ ಹಿಂದೆ ಜೋಡಿಸಿರುವ, ಬಾಗಬಲ್ಲ ತೆಳು ತಟ್ಟೆಗೆ) ಹಿಡಿದಿಡುವುದು ಒಂದೇ ಬೋಲ್ಟಿನ ಕ್ಲಾಂಪ್. ಎಂಜಿನ್ನಿನ ಶಕ್ತಿಗೆ ಶಾಫ್ಟ್ ಆ ಕ್ಲಾಂಪಿನೊಳಗೆ ಎಳ್ಳಷ್ಟೆಳ್ಳಷ್ಟೇ ಜಾರಿದಾಗ ಫ್ಲೆಕ್ಸ್ ಪ್ಲೇಟ್ ಬಾಗಿ, ಬಿಲ್ಲಿನಂತೆ ಸೆಟೆದು, ಎಂಜಿನ್ನಿನ ಮುಖ್ಯ ತಿರುಗುದಂಡವಾದ ಕ್ರ್ಯಾಂಕ್‌ಶಾಫ್ಟನ್ನು ಸದಾ ಮುಂದಕ್ಕೆ ಒತ್ತುತ್ತಿರುತ್ತದೆ. ಆ ಒತ್ತಡವನ್ನೆಲ್ಲ ಹೊರುವುದು, ಕ್ರ್ಯಾಂಕ್ ಹಿಂದೆ-ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ಬೇರಿಂಗ್. ಆಯಿಲ್ ಕಾದು ತೆಳುವಾದಾಗ ಅದರ ಪೊರೆ ಒತ್ತಡವನ್ನು ತಾಳಲಾರದೆ ಘರ್ಷಣೆ ಹೆಚ್ಚುತ್ತದೆ. ಕಾದ ಮೇಲೆ ನಿಂತುಹೋಗುವ ಎಂಜಿನ್, ಭಾರವಾಗಿ ತಿರುಗುವ ಸ್ಟಾರ್ಟರ್ ಎರಡೂ ಇದರ ಲಕ್ಷಣಗಳಾಗಿರಬಹುದು. ಬೇರಿಂಗ್ ಪೂರ್ತಿ ಸವೆದರೆ ಕ್ರ್ಯಾಂಕ್ ನೇರವಾಗಿ ಅಲ್ಯೂಮಿನಿಯಂ ಬ್ಲಾಕನ್ನೇ ಕೊರೆಯುತ್ತದೆ, ಆ ಬ್ಲಾಕ್ ಮತ್ತೆ ಕೆಲಸಕ್ಕೆ ಬರುವುದು ಕಷ್ಟ. ಇಷ್ಟು ಚೆಂದದ ವಿ8 ಎಂಜಿನ್ ಒಂದು ಬೋಲ್ಟಿನಿಂದ ಹಾಳಾಗುವುದನ್ನು ನೋಡಲು ನನಗೆ ಸಂಕಟವಾಗುತ್ತದೆ.

ಎಂಜಿನ್ ತಣ್ಣಗಾದ ಮೇಲೆ ಕಾರನ್ನು ಭದ್ರವಾಗಿ ಮೇಲೆತ್ತಿ ಫ್ಲೆಕ್ಸ್ ಪ್ಲೇಟನ್ನು ಸುತ್ತುವರಿದ ಕವಚವಾದ ಬೆಲ್‌ಹೌಸಿಂಗಿನ ಕೆಳಗಿನ ಮುಚ್ಚಳ ತೆಗೆಯಿರಿ. ಕ್ಲಾಂಪ್ ಎಲ್ಲಿ ಕುಳಿತಿದೆಯೆಂದು ಶಾಫ್ಟಿನ ಮೇಲೆ ಬಣ್ಣದಿಂದ ಗುರುತು ಮಾಡಿ, ಅನಂತರ ಬೋಲ್ಟ್ ಸಡಿಲಿಸಿ. ಪ್ಲೇಟ್ ಸೆಟೆದಿದ್ದರೆ ಅದು ತಾನಾಗಿಯೇ ಸಡಿಲಗೊಂಡು ಗುರುತು ಸರಿದಿರುವುದು ಕಣ್ಣಿಗೇ ಕಾಣುತ್ತದೆ. ಬಳಿಕವೇ ಕ್ರ್ಯಾಂಕ್ ಹಿಂದೆ-ಮುಂದೆ ಎಷ್ಟು ಸರಿಯುತ್ತದೆಂದು ಅಳೆಯಬೇಕು: ಕ್ರ್ಯಾಂಕನ್ನು ಮೀಟುಗೋಲಿನಿಂದ ಪೂರ್ತಿ ಹಿಂದಕ್ಕೆ ಸರಿಸಿ, ಸೂಕ್ಷ್ಮ ಚಲನೆಯನ್ನು ಮುಳ್ಳಿನಿಂದ ತೋರಿಸುವ ಡಯಲ್ ಗೇಜನ್ನು ಸೊನ್ನೆಗೆ ಇಟ್ಟು, ಪೂರ್ತಿ ಮುಂದಕ್ಕೆ ತಂದು ಓದಿಕೊಳ್ಳಿ. ಹೊಸ ಎಂಜಿನ್ನಿಗೆ 0.110ರಿಂದ 0.312 ಮಿ.ಮೀ., ಸವೆತದ ಗರಿಷ್ಠ ಮಿತಿ 0.4 ಮಿ.ಮೀ. ಬೋಲ್ಟ್ ಸಡಿಲಿಸದೆ ಅಳೆದರೆ ಬಂದ ಅಂಕಿಯನ್ನು ನಂಬಲಾಗದು. ನಿಜ ಹೇಳಬೇಕೆಂದರೆ, ಆಟೋಮ್ಯಾಟಿಕ್ 928 ಕೊಳ್ಳುವವರು ಹಣ ಕೊಡುವ ಮೊದಲೇ ಈ ಅಳತೆ ಕೇಳಿ ಪಡೆಯಬೇಕು. ಪಾಲಿಶ್ ಮಾಡಿದ ಬಾಡಿಗಿಂತ ಅದು ಹೆಚ್ಚು ಹೇಳುತ್ತದೆ.

ಪ್ರಶ್ನೆ ಕೇಳಿದವರಿಂದ

ತಮ್ಮ ಮಾತಿನಂತೆ ಕಾರನ್ನು ಮುಟ್ಟದೆ ಇಟ್ಟು, ವಾರಾಂತ್ಯದಲ್ಲಿ ಮುಚ್ಚಳ ತೆಗೆದೆ. ಬಾಗಿದ ಪ್ಲೇಟ್ ಬರಿಗಣ್ಣಿಗೇ ಕಾಣುತ್ತಿತ್ತು. ಬೋಲ್ಟ್ ಸಡಿಲಿಸಿದಾಗ ಟಣ್ ಎಂಬ ಸದ್ದು ಕೇಳಿಸಿತು, ಗುರುತು ಸುಮಾರು 3 ಮಿ.ಮೀ. ಸರಿಯಿತು. ಗೇಜನ್ನು ಮೂರು ಸಲ ಓದಿದೆ. ಮೂರೂ ಸಲ 0.28 ಮಿ.ಮೀ. ಬಂದಾಗ ನನ್ನ ಕೈ ನಡುಗುತ್ತಿತ್ತು. ಅರ್ತ್ ಪಟ್ಟಿಗಳನ್ನೂ ಉಜ್ಜಿದ್ದೇನೆ. ಬೋಲ್ಟ್ ಬಿಗಿದು ಓಡಿಸಿದಾಗ ಸ್ಟಾರ್ಟರ್ ಕಾದ ಮೇಲೂ ಹಗುರವಾಗಿ ತಿರುಗುತ್ತಿದೆ, ಎಂಜಿನ್ ನಿಲ್ಲುತ್ತಿಲ್ಲ. ಐಡ್ಲಿಂಗ್ ಮಾತ್ರ ಈಗಲೂ ತುಸು ಏರಿಳಿಯುತ್ತಿದೆ.

ಎರಡನೆಯ ಉತ್ತರ ಕೊಟ್ಟವರಿಂದ

ಬೇರಿಂಗ್ ಉಳಿದಿದೆ, ಬಹಳ ಸಂತೋಷ. ಉಳಿದ ಏರಿಳಿತಕ್ಕೆ ಸೆನ್ಸರ್ ಕೊಳ್ಳುವ ಮುನ್ನ ಗಾಳಿ ಸೋರಿಕೆ ಹುಡುಕಿ. ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗಿರುವ ರಬ್ಬರ್ ಮೆದುಗೊಳವೆಗಳು ಶಾಖಕ್ಕೆ ಗಟ್ಟಿಯಾಗಿ ಬಿರಿಯುತ್ತವೆ. ಐಡ್ಲಿಂಗ್ ನಿಯಂತ್ರಿಸುವ ವಾಲ್ವ್ ಕೂಡ ಅಲ್ಲೇ ಇದೆ. ಮ್ಯಾನಿಫೋಲ್ಡ್ ಎತ್ತಿದ ಮೇಲೆ ಒಂದೊಂದನ್ನೇ ಆರಿಸಬೇಡಿ, ಎಲ್ಲವನ್ನೂ ಬದಲಿಸಿಬಿಡಿ.

ವಾಲ್ವ್‌ಗಳ ಚಲನೆಯನ್ನು ಕ್ರ್ಯಾಂಕಿನೊಂದಿಗೆ ಹೊಂದಿಸುವ ಟೈಮಿಂಗ್ ಬೆಲ್ಟ್ ಯಾವಾಗ ಬದಲಾಗಿದೆಯೆಂಬುದಕ್ಕೆ ದಾಖಲೆ ಇಲ್ಲದಿದ್ದರೆ ಅದನ್ನೂ ಮುಂದೂಡಬೇಡಿ. ವಾಟರ್ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟ್. ಪಂಪ್ ತಿರುಗದೆ ಜಾಮ್ ಆಗಿ ಬೆಲ್ಟ್ ಹರಿದರೆ ಈ 32 ವಾಲ್ವ್‌ಗಳ ಎಂಜಿನ್ನಿನಲ್ಲಿ ವಾಲ್ವ್‌ಗಳು ಪಿಸ್ಟನ್ನಿಗೆ ತಾಗುತ್ತವೆ.

ಕ್ಲಾಂಪ್ ಮತ್ತೆ ಜಾರಬಹುದು. ಶಾಫ್ಟನ್ನು ಇನ್ನೂ ಭದ್ರವಾಗಿ ಹಿಡಿಯುವ ಸುಧಾರಿತ ಕ್ಲಾಂಪ್‌ಗಳು ಸಿಗುತ್ತವೆ. ಅದನ್ನು ಹಾಕುವವರೆಗೆ ಶಾಫ್ಟಿನ ಮೇಲೆ ಹೊಸ ಗುರುತು ಹಾಕಿ, 1,000 ಕಿ.ಮೀ. ಓಡಿಸಿದ ಮೇಲೆ ಮುಚ್ಚಳ ತೆಗೆದು ನೋಡಿ, ಗುರುತು ಎಷ್ಟು ಸರಿದಿದೆಯೆಂದು ಇಲ್ಲಿಯೇ ತಿಳಿಸಿ.